ಕಲಬುರಗಿಯಿಂದ ಉಡುಪಿಗೆ ಮನೆ ಸಾಮಾನು: ಮೇ ತಿಂಗಳಲ್ಲೋ, ಆಷಾಢದಲ್ಲೋ? ಕೈಯಲ್ಲಿ ಎಷ್ಟು ಹಣ ಬೇಕು?

ಅಪ್ಪನಕೆರೆ ದಂಡೆ:
ಎಲ್ಲರಿಗೂ ನಮಸ್ಕಾರ. ನನ್ನದು ಬ್ಯಾಂಕ್ ನೌಕರಿ. ಈ ವರ್ಷದ ವರ್ಗಾವಣೆ ಪಟ್ಟಿಯಲ್ಲಿ ಉಡುಪಿ ಬಂದಿದೆ. ನಾನು ಮೇ ತಿಂಗಳಲ್ಲೇ ಹೋಗಿ ಹಾಜರಾಗಬೇಕು. ಮನೆಯವರು ಒಂದೆರಡು ತಿಂಗಳು ತಡವಾಗಿ ಬಂದರೂ ನಡೆಯುತ್ತದೆ. ಮನೆಯಲ್ಲಿ ಯಜಮಾನರು, ಅತ್ತೆ, ಏಳನೆಯ ತರಗತಿಗೆ ಹೋಗಲಿರುವ ಮಗಳು, ನಾಲ್ಕನೆಯ ತರಗತಿಗೆ ಹೋಗಲಿರುವ ಮಗ ಇದ್ದಾರೆ.

ಸಾಮಾನು: ಸಾಗುವಾನಿ ಮಂಚ, ಕಬ್ಬಿಣದ ಮಂಚ, ಪ್ಲೈವುಡ್ಡಿನ ಎರಡು ಬಟ್ಟೆ ಕಪಾಟು, ಕಬ್ಬಿಣದ ಅಲಮಾರಿ, ಸೋಫಾ, ಫ್ರಿಜ್, ವಾಷಿಂಗ್ ಮಷಿನ್, ಟಿವಿ, ಇನ್ವರ್ಟರ್, ಆಳೆತ್ತರದ ಏರ್ ಕೂಲರ್, ಸ್ಕೂಟರ್, ಪುಸ್ತಕ, ಪಾತ್ರೆ, ಹಾಸಿಗೆ. ಇವೆಲ್ಲದರ ಮೇಲೆ ಅತ್ತೆಯವರು ವರ್ಷಕ್ಕೆಂದು ತುಂಬಿಸಿಟ್ಟ ಬಿಳಿಜೋಳದ ಚೀಲಗಳು ಮತ್ತು ತೊಗರಿ ಬೇಳೆ.

ಮೂರು ಕಡೆ ದರ ಕೇಳಿದೆ. ಒಬ್ಬರು 24 ಸಾವಿರ, ಇನ್ನೊಬ್ಬರು 41 ಸಾವಿರ, ಮತ್ತೊಬ್ಬರು 58 ಸಾವಿರ ಎಂದರು. ಅದೇ ಮನೆ, ಅದೇ ಸಾಮಾನು, ಅದೇ ಉಡುಪಿ. ಈ ಅಂತರ ಎಲ್ಲಿಂದ ಬರುತ್ತದೆ? ಇನ್ನೊಂದು ಜಗಳವೂ ಇದೆ. ಮೇ ತಿಂಗಳಲ್ಲಿ ಗಿರಾಕಿ ಹೆಚ್ಚು, ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ, ಆಗ ಅಗ್ಗಕ್ಕೆ ಸಾಗಿಸೋಣ ಎನ್ನುವುದು ಯಜಮಾನರ ವಾದ. ಆಷಾಢದಲ್ಲಿ ಹೊಸ ಮನೆಯ ಹೊಸ್ತಿಲು ದಾಟುವುದಿಲ್ಲ ಎನ್ನುವುದು ಅತ್ತೆಯವರ ಹಟ. ಬಲ್ಲವರು ತಿಳಿಸಿ.

ಗಂಜ್ ಲಾರಿ:
ಅಕ್ಕಾವರೇ, ನೆಹರೂ ಗಂಜಿನಲ್ಲಿ ಲಾರಿ ಬುಕಿಂಗ್ ನಮ್ಮ ಕಸುಬು. ಮೊದಲು ಇದನ್ನು ಹೇಳಿ: 24 ಸಾವಿರದವರು ಮನೆಗೆ ಬಂದು ಸಾಮಾನು ನೋಡಿದ್ದಾರೆಯೇ?

ಅಪ್ಪನಕೆರೆ ದಂಡೆ:
ಇಲ್ಲ ಸರ್. ಪಟ್ಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದೆ, ತಕ್ಷಣ ದರ ಹೇಳಿದರು. ಸ್ವಲ್ಪ ಮುಂಗಡ ಹಾಕಿದರೆ ದಿನಾಂಕ ಹಿಡಿದಿಡುತ್ತೇವೆ ಎಂದರು.

ಗಂಜ್ ಲಾರಿ:
ಹಾಗಾದರೆ ಹಾಕಬೇಡಿ. ನೋಡದೆ ಹೇಳಿದ ದರಕ್ಕೆ ಬೆಲೆ ಇಲ್ಲ. ಸಾಮಾನು ಗಾಡಿಗೆ ಏರಿ, ನೀವು ಮನೆಗೆ ಬೀಗ ಹಾಕಿದ ಮೇಲೆ ‘ಪಟ್ಟಿಗಿಂತ ಹೆಚ್ಚಿದೆ’ ಎಂಬ ರಾಗ ಶುರುವಾಗುತ್ತದೆ. ಆಗ ಇಳಿಸಿಕೊಳ್ಳುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ.

ನಿಮ್ಮ ಪಟ್ಟಿಗೆ 17 ಅಡಿಯ ಗಾಡಿ ಬೇಕು. ಕೆಲವನ್ನು ಕೈಬಿಟ್ಟರೆ 14 ಅಡಿಯಲ್ಲಿ ಹಿಡಿಯುತ್ತದೆ. ದರಗಳ ಅಂತರ ಇಲ್ಲಿಂದಲೇ ಶುರು: ಯಾರು ಯಾವ ಗಾಡಿಯ ಲೆಕ್ಕ ಹಾಕಿದ್ದಾರೆ, ಇಡೀ ಗಾಡಿ ನಿಮ್ಮದೋ ಇನ್ನೊಬ್ಬರ ಸಾಮಾನೂ ಸೇರುತ್ತದೋ, ಹಮಾಲಿ ಎರಡೂ ಕಡೆಯದೋ ಇಲ್ಲಿಯದು ಮಾತ್ರವೋ, ಜಿಎಸ್‌ಟಿ ಒಳಗೋ ಹೊರಗೋ. ಇವನ್ನು ಕೇಳಿ ಬರೆಸಿಕೊಳ್ಳಿ, ಆಮೇಲೆ ದರಗಳನ್ನು ಹೋಲಿಸಿ.

ಲೆಕ್ಕದ ಮೇಷ್ಟ್ರು, ಯಾದಗಿರಿ:
ಜೇವರ್ಗಿ, ಸಿಂದಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಕಲಬುರಗಿಯಿಂದ ಉಡುಪಿಗೆ 650 ಕಿಲೊಮೀಟರ್ ಆಸುಪಾಸು. ಗಾಡಿ ಖಾಲಿ ಹಿಂದಿರುಗುವುದಾದರೆ 1,300. ಲೀಟರಿಗೆ ಏಳೆಂಟು ಕಿಲೊಮೀಟರ್ ಓಡಿದರೆ 160ರಿಂದ 185 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೂ ಎಣ್ಣೆಗೇ 14,500ರಿಂದ 16,500 ಹೋಯಿತು. ಅದರ ಮೇಲೆ ಟೋಲ್, ಚಾಲಕರ ಬತ್ತೆ, ಎರಡು ಕಡೆಯ ಹಮಾಲಿ, ರಟ್ಟಿನ ಪೆಟ್ಟಿಗೆ, ಗಾಡಿಯ ಸಾಲದ ಕಂತು, ಮಾಲೀಕರ ಲಾಭ. ಇಷ್ಟೆಲ್ಲ 24 ಸಾವಿರದಲ್ಲಿ ಮುಗಿಯುತ್ತದೆ ಎಂದರೆ ಎರಡೇ ಸಾಧ್ಯತೆ. ಗಾಡಿಗೆ ಆ ಕಡೆಯಿಂದ ಲೋಡು ಸಿಕ್ಕಿರಬೇಕು, ಇಲ್ಲವೇ ನಿಮ್ಮ ಸಾಮಾನು ಪರರ ಸಾಮಾನಿನ ಜೊತೆ ಊರು ಸುತ್ತಬೇಕು.

ಸೇಡಂ ರಸ್ತೆ:
ಊರು ಸುತ್ತುವುದು ಎಂಬುದು ಬರೀ ಮಾತಲ್ಲ. ನಮ್ಮ ತಂಗಿಯ ಸಾಮಾನು ಶಿವಮೊಗ್ಗಕ್ಕೆ ಹೋಗಬೇಕಿತ್ತು. ಮೊದಲು ಬೆಂಗಳೂರಿಗೆ ಹೋಯಿತು, ಗೋದಾಮಿನಲ್ಲಿ ಇಳಿಯಿತು, ಬೇರೆ ಗಾಡಿಗೆ ಸಾಮಾನು ಕೂಡುವ ತನಕ ಅಲ್ಲೇ ಕುಳಿತಿತ್ತು. ಕಂಪನಿಯ ಹೆಸರು ಬೇಡ ಬಿಡಿ. ಪ್ರತಿ ಸಲ ಇಳಿಸಿ ಏರಿಸುವಾಗಲೂ ಏನಾದರೊಂದು ಹೋಗುತ್ತದೆ. ಅವಳ ಅಲಮಾರಿಯ ಬಾಗಿಲು ಈಗಲೂ ಸರಿಯಾಗಿ ಮುಚ್ಚುವುದಿಲ್ಲ. ‘ನೇರ ಗಾಡಿ, ನಡುವೆ ಬದಲಾವಣೆ ಇಲ್ಲ’ ಎಂದು ಕಾಗದದಲ್ಲಿ ಬರೆಸಿ. ಗಾಡಿ ಹೊರಡುವ ಮುನ್ನ ಅದರ ಸಂಖ್ಯೆ ಮತ್ತು ಚಾಲಕರ ಮೊಬೈಲ್ ಸಂಖ್ಯೆ ಪಡೆದುಕೊಳ್ಳಿ.

ಬೀದರ್ ಮಗಳು, ಉಡುಪಿ ಸೊಸೆ:
ಅಕ್ಕಾ, ನಮ್ಮೂರಿಗೆ ಸ್ವಾಗತ. ಹುಟ್ಟಿದ್ದು ಬೀದರಿನಲ್ಲಿ, ಸಂಸಾರ ಉಡುಪಿಯಲ್ಲಿ. ಲಾರಿ ದರದ ಮಾತು ಆಮೇಲೆ. ಮೊದಲು ಆ ಪಟ್ಟಿಯನ್ನು ಅರ್ಧ ಮಾಡಿ.

ಕಲಬುರಗಿಯಲ್ಲಿ ವರ್ಷವಿಡೀ ಬೀಳುವ ಮಳೆ 750ರಿಂದ 800 ಮಿಲಿಮೀಟರ್ ಆಸುಪಾಸು. ಇಲ್ಲಿ ಜುಲೈ ಒಂದೇ ತಿಂಗಳು ಅದನ್ನು ಮೀರಿಸುತ್ತದೆ, ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಬೀಳುತ್ತದೆ. ಆದ್ದರಿಂದ ಅಲ್ಲಿ ಅಮೂಲ್ಯವಾದದ್ದು ಇಲ್ಲಿ ಹೊರೆ. ಮೊದಲನೆಯದು ಆ ಆಳೆತ್ತರದ ಕೂಲರ್. ನೀರು ಆವಿಯಾದರೆ ತಾನೇ ಗಾಳಿ ತಂಪಾಗುವುದು? ಕರಾವಳಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ. ಇಲ್ಲಿ ಕೂಲರ್ ಹಚ್ಚಿದರೆ ಕೋಣೆ ಜಿಗುಟಾಗುತ್ತದೆಯೇ ಹೊರತು ತಣ್ಣಗಾಗುವುದಿಲ್ಲ. ಏಪ್ರಿಲ್ ತಿಂಗಳಲ್ಲೇ ಕಲಬುರಗಿಯಲ್ಲಿ ಮಾರಿ, ಆಗ ಒಳ್ಳೆಯ ಬೆಲೆ ಬರುತ್ತದೆ.

ಎರಡನೆಯದು ಪ್ಲೈವುಡ್ ಕಪಾಟು. ಬಿಚ್ಚಿ ಕಟ್ಟಿದರೆ ತಿರುಪುಗಳು ಮೊದಲಿನಂತೆ ಕಚ್ಚುವುದಿಲ್ಲ. ಇಲ್ಲಿ ಒಂದು ಮಳೆಗಾಲ ಕಂಡರೆ ಹಿಂಬದಿಯ ಹಲಗೆ ಉಬ್ಬಿ ಬೂಷ್ಟು ಹಿಡಿಯುತ್ತದೆ. ಸಾಗುವಾನಿ ಮಂಚವನ್ನು ಮಾತ್ರ ಕಣ್ಣುಮುಚ್ಚಿ ತನ್ನಿ, ಅದಕ್ಕೆ ಏನೂ ಆಗುವುದಿಲ್ಲ. ಕಬ್ಬಿಣದ ಅಲಮಾರಿಯೂ ಬರಲಿ, ಆದರೆ ಗೀರು ಬಿದ್ದಲ್ಲೆಲ್ಲ ಮೊದಲೇ ಬಣ್ಣ ಹಚ್ಚಿಸಿ. ಉಪ್ಪುಗಾಳಿ ಗೀರನ್ನೇ ಹುಡುಕಿಕೊಂಡು ಬರುತ್ತದೆ.

ಮೂರನೆಯದನ್ನು ಹೇಳಿದರೆ ನಿಮ್ಮ ಅತ್ತೆ ನನ್ನನ್ನು ಶಪಿಸುತ್ತಾರೆ: ವರ್ಷದ ಜೋಳ. ಒಣ ಹವೆಯಲ್ಲಿ ವರ್ಷ ಉಳಿಯುವ ಜೋಳ ಇಲ್ಲಿ ಮಳೆಗಾಲದ ನಡುವೆಯೇ ಮುಗ್ಗಲು ವಾಸನೆ ಹೊಡೆಯುತ್ತದೆ, ಹುಳು ಬೇರೆ. ಇಲ್ಲಿನ ಗಿರಣಿಗಳಿಗೆ ಅಕ್ಕಿ, ಗೋಧಿ, ಮೆಣಸಿನಕಾಯಿ ಅಭ್ಯಾಸ. ರೊಟ್ಟಿ ತಟ್ಟುವಷ್ಟು ನುಣ್ಣಗೆ ಜೋಳ ಬೀಸಿಕೊಡಿ ಎಂದರೆ ಮುಖ ನೋಡುತ್ತಾರೆ. ಎರಡು ಮೂರು ತಿಂಗಳಿಗಾಗುವಷ್ಟು ತನ್ನಿ, ಉಳಿದದ್ದನ್ನು ನೆಂಟರ ಮನೆಯಲ್ಲಿಡಿ, ಊರಿಗೆ ಹೋದಾಗಲೆಲ್ಲ ತಂದರಾಯಿತು. ಬೇಳೆಯನ್ನು ಮಾತ್ರ ಬಿಟ್ಟು ಬರಬೇಡಿ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಸುಮ್ಮನೆ ಅಲ್ಲ ಎಂಬುದು ಪರ ಊರಿನ ಬೇಳೆ ಬೇಯಿಸಿದ ಮೇಲೆ ತಿಳಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಗಳಲ್ಲಿ ತುಂಬಿ ತನ್ನಿ.

ಹುಮನಾಬಾದ್ ಹುಡುಗ:
ಅರ್ಧ ಯಾಕೆ, ಎಲ್ಲವನ್ನೂ ಮಾರಿಬಿಡಿ. ನಾನು ಬೆಂಗಳೂರಿಗೆ ಹೋಗುವಾಗ ಒಂದು ಸೂಟ್‌ಕೇಸು, ಒಂದು ಹಾಸಿಗೆ ಸುರುಳಿ, ಅಷ್ಟೇ. ಉಳಿದದ್ದನ್ನು ಅಲ್ಲೇ ಕೊಂಡೆ.

ಲೆಕ್ಕದ ಮೇಷ್ಟ್ರು, ಯಾದಗಿರಿ:
ತಮ್ಮಾ, ನೀನು ಒಬ್ಬನೇ. ಇಲ್ಲಿ ಐದು ಜನರ ಸಂಸಾರ. ಹಳೆಯ ಫ್ರಿಜ್ ಮತ್ತು ವಾಷಿಂಗ್ ಮಷಿನ್ ಮಾರಿದರೆ ಬರುವುದು ಚಿಲ್ಲರೆ, ಹೊಸದಕ್ಕೆ ಹೋಗುವುದು ಅದರ ಹಲವು ಪಟ್ಟು. ಪ್ರತಿ ಸಾಮಾನಿಗೂ ಒಂದು ಪ್ರಶ್ನೆ ಹಾಕಿಕೊಳ್ಳಬೇಕು: ಇದನ್ನು ಬಿಟ್ಟರೆ ಗಾಡಿಯ ಅಳತೆ ಇಳಿಯುತ್ತದೆಯೇ? ಗಾಡಿಯ ಬಾಡಿಗೆ ಇರುವುದು ಜಾಗಕ್ಕೆ. ಮಿಕ್ಸರ್ ಬಿಟ್ಟು ಬಂದರೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಎರಡು ಕಪಾಟು, ಕೂಲರ್, ಜೋಳದ ಚೀಲ ಬಿಟ್ಟರೆ 17 ಅಡಿ 14 ಅಡಿಗೆ ಇಳಿಯುತ್ತದೆ.

ಶಹಾಪುರ ಸೋಮಾರಿ:
ಅತ್ತೆಯವರನ್ನು ಯಾರು ಒಪ್ಪಿಸುತ್ತಾರೆ ಎಂಬುದು ಲೆಕ್ಕದಲ್ಲಿ ಬಂದಿಲ್ಲ ಮೇಷ್ಟ್ರೇ.

ಅಪ್ಪನಕೆರೆ ದಂಡೆ:
ಜೋಳದ ವಿಷಯಕ್ಕೆ ಮನೆಯಲ್ಲಿ ಈಗ ಮೌನವ್ರತ. ಆಷಾಢದ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಗಂಜ್ ಲಾರಿ:
ಆಷಾಢದಲ್ಲಿ ದರ ಇಳಿಯುವುದು ನಿಜ. ನೀವು ಮೈಸೂರಿಗೋ ತುಮಕೂರಿಗೋ ಹೋಗುವುದಾದರೆ ಯಜಮಾನರ ಮಾತಿಗೇ ನನ್ನ ಮತ. ಆದರೆ ಕರಾವಳಿಗೆ ಇಳಿಯಬೇಕಾದರೆ ಘಟ್ಟ ದಾಟಬೇಕು, ಆಷಾಢ ಬರುವುದೇ ಮಳೆ ಜೋರಾದ ಮೇಲೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಜನ, ವಾಹನ ಮಣ್ಣಿನಡಿ ಹೋದವು, ಲಾರಿಯೊಂದು ಹೊಳೆಯ ಪಾಲಾಯಿತು. ನಮ್ಮ ಗಾಡಿಗಳು ಉಡುಪಿಗೆ ಹೋಗುವುದು ಅದೇ ದಾರಿಯಲ್ಲಿ. ಹಾಸನದ ಮೇಲೆ ಹೋದರೆ ಶಿರಾಡಿ ಘಾಟ್, ಮಳೆಗಾಲದಲ್ಲಿ ಅದರ ಕಥೆಯೂ ಹೆಚ್ಚು ಭಿನ್ನವಲ್ಲ. ಆಗುಂಬೆಯಲ್ಲಿ ದೊಡ್ಡ ಗಾಡಿ ಬಿಡುವುದೇ ಇಲ್ಲ. ಘಟ್ಟ ಮುಚ್ಚಿ ಗಾಡಿ ನಿಂತರೆ ದಿನಕ್ಕಿಷ್ಟು ಎಂದು ನಿಲುಗಡೆ ಬಾಡಿಗೆ ಬೀಳುತ್ತದೆ, ಉಳಿಸಿದ ಹಣ ಅಲ್ಲೇ ಹೋಯಿತು. ಟಾರ್ಪಾಲು ಎಷ್ಟೇ ಬಿಗಿದರೂ ಹಾಸಿಗೆ ತೇವವಾಗದೆ ಇರುವುದಿಲ್ಲ.

ಅತ್ತೆಯವರು ಹೇಳುವ ಕಾರಣ ಬೇರೆ ಇರಬಹುದು, ಆದರೆ ಗೆಲುವು ಅವರದೇ.

ಬೀದರ್ ಮಗಳು, ಉಡುಪಿ ಸೊಸೆ:
ಮಳೆಗಾಲದಲ್ಲಿ ಇಳಿಸುವುದು ಇನ್ನೂ ಕಷ್ಟ. ಇಲ್ಲಿನ ಅನೇಕ ಮನೆಗಳು ಏರಿನ ಓಣಿಯಲ್ಲಿವೆ, ದೊಡ್ಡ ಗಾಡಿ ಮನೆಯ ತನಕ ಬರುವುದಿಲ್ಲ. ಮುಖ್ಯ ರಸ್ತೆಯಲ್ಲಿ ನಿಲ್ಲಿಸಿ ಸಣ್ಣ ಪಿಕಪ್‌ಗೆ ಬದಲಿಸಬೇಕು. ಅದರ ಬಾಡಿಗೆ ಯಾರು ಕೊಡಬೇಕು ಎಂಬುದನ್ನು ಮೊದಲೇ ಮಾತನಾಡಿ. ಅಪಾರ್ಟ್‌ಮೆಂಟ್ ಆದರೆ ಲಿಫ್ಟ್‌ನಲ್ಲಿ ಸಾಮಾನು ಬಿಡುತ್ತಾರೆಯೇ, ಭಾನುವಾರ ಬಿಡುತ್ತಾರೆಯೇ ಕೇಳಿ. ಶಾಲೆ ಜೂನ್ ಹೊತ್ತಿಗೆ ಶುರುವಾಗುತ್ತದೆ. ಮಕ್ಕಳ ವರ್ಗಾವಣೆ ಪತ್ರ, ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಹಿಡಿದುಕೊಂಡೇ ಬನ್ನಿ.

ಗಂಜ್ ಲಾರಿ:
ಮೇ ತಿಂಗಳ ದುಬಾರಿಯನ್ನೂ ತಗ್ಗಿಸಬಹುದು. ಎಲ್ಲರಿಗೂ ಬೇಕಾಗುವುದು ತಿಂಗಳ ಕೊನೆ, ತಿಂಗಳ ಮೊದಲು, ಶನಿವಾರ, ಭಾನುವಾರ. ನಡು ತಿಂಗಳ ಮಂಗಳವಾರ ಬುಧವಾರ ಕೇಳಿ, ದರ ಬೇರೆಯೇ ಇರುತ್ತದೆ. ಮಂಗಳವಾರ ಮನೆ ಬಿಡಬಾರದು ಎಂಬ ಶಾಸ್ತ್ರವಿದ್ದರೆ ಬುಧವಾರವೇ ಇರಲಿ. ಆದರೆ ಬಿಸಿಲು ಮರೆಯಬೇಡಿ. ಮೇ ತಿಂಗಳ ಕಲಬುರಗಿಯಲ್ಲಿ ಮಧ್ಯಾಹ್ನ ಹಮಾಲರನ್ನು ಓಡಾಡಿಸುವುದು ಅನ್ಯಾಯ. ಬೆಳಗಿನ ಜಾವಕ್ಕೇ ಲೋಡಿಂಗ್ ಶುರು ಮಾಡಿಸಿ, ಹಿಂದಿನ ರಾತ್ರಿಯೇ ಪ್ಯಾಕಿಂಗ್ ಮುಗಿದಿರಬೇಕು. ಔಷಧ, ಒಡವೆ, ಕಾಗದಪತ್ರ ಗಾಡಿಗೆ ಹಾಕಬೇಡಿ.

ಅಪ್ಪನಕೆರೆ ದಂಡೆ:
ಮೊದಲೇ ಹೇಳಬೇಕಾಗಿದ್ದ ಒಂದು ವಿಷಯ: ಬಿಲ್ ಕೊಟ್ಟರೆ ಸಾಗಣೆ ಖರ್ಚನ್ನು ಒಂದು ಮಿತಿಯವರೆಗೆ ಬ್ಯಾಂಕ್ ಕೊಡುತ್ತದೆ. ಇನ್ನೊಂದು, 58 ಸಾವಿರದವರು ಜಿಎಸ್‌ಟಿ ಮತ್ತು ವಿಮೆ ಸೇರಿಸಿ ಹೇಳಿದ್ದಾರಂತೆ. 41 ಸಾವಿರಕ್ಕೆ ಎರಡೂ ಹೊರಗೆ.

ಲೆಕ್ಕದ ಮೇಷ್ಟ್ರು, ಯಾದಗಿರಿ:
ಅಲ್ಲಿಗೆ ಒಗಟು ಬಿಡಿಸಿದಂತಾಯಿತು ತಾಯಿ. ಪ್ಯಾಕಿಂಗ್ ಸೇರಿದ ಸೇವೆಗೆ ಶೇ 18 ಜಿಎಸ್‌ಟಿ ಹಾಕಿದರೆ 41 ಸಾವಿರ 48,380 ಆಗುತ್ತದೆ. ಸಾಮಾನಿನ ಬೆಲೆ 3 ಲಕ್ಷ ಎಂದು ಬರೆಸಿ ಶೇ 2ರಂತೆ ವಿಮೆ ಮಾಡಿಸಿದರೆ ಇನ್ನೊಂದು 6 ಸಾವಿರ. 54,380ಕ್ಕೂ 58 ಸಾವಿರಕ್ಕೂ ಉಳಿದ ಅಂತರ ಮೂರೂವರೆ ಸಾವಿರದ ಚಿಲ್ಲರೆ. ನೀವು ನೋಡಿದ್ದು 17 ಸಾವಿರದ ಅಂತರವನ್ನು!

ಬ್ಯಾಂಕ್ ಕೊಡುವುದಾದರೆ ಅಗ್ಗದ ಲಾರಿಯ ಲೆಕ್ಕ ಪೂರ್ತಿ ತಿರುಗುತ್ತದೆ. ಬಿಳಿ ಹಾಳೆಯ ಮೇಲೆ ಸಹಿ ಹಾಕಿಕೊಟ್ಟ 24 ಸಾವಿರ ನಿಮ್ಮ ಜೇಬಿನಿಂದ ಹೋಗುತ್ತದೆ. ಸರಿಯಾದ ಬಿಲ್ ಇರುವ 48 ಸಾವಿರ ಮಿತಿಯೊಳಗಿದ್ದರೆ ನಿಮ್ಮ ಪಾಲಿಗೆ ಸೊನ್ನೆ. ಮಿತಿ ತೂಕದ ಮೇಲೋ, ದೂರದ ಮೇಲೋ, ಪ್ಯಾಕಿಂಗ್ ಮತ್ತು ಹಮಾಲಿ ಸೇರುತ್ತದೆಯೋ ಎಂಬುದನ್ನು ಕಚೇರಿಯಲ್ಲಿ ಇಂದೇ ಕೇಳಿ.

ಶಹಾಪುರ ಸೋಮಾರಿ:
ಹಾಗಾದರೆ 24 ಸಾವಿರಕ್ಕೆ ಸಾಗಿಸಿ, 60 ಸಾವಿರದ ಬಿಲ್ ತೆಗೆದುಕೊಂಡರಾಯಿತಲ್ಲ. ಎಲ್ಲರೂ ಮಾಡುವುದೇ.

ಗಂಜ್ ಲಾರಿ:
ಅಂಥ ಬಿಲ್ ಕೇಳಿಕೊಂಡು ಬರುವವರಿದ್ದಾರೆ. ನಾವು ಕೊಡುವುದಿಲ್ಲ. ಬಿಲ್ಟಿಯಲ್ಲಿ, ಅಂದರೆ ಲಾರಿಯವರು ಕೊಡುವ ಸಾಗಣೆ ರಸೀದಿಯಲ್ಲಿ, ಗಾಡಿ ಸಂಖ್ಯೆ ಇರುತ್ತದೆ, ಆ ಗಾಡಿ ಆ ದಿನ ಎಲ್ಲಿತ್ತು ಎಂಬುದು ಫಾಸ್ಟ್ಯಾಗ್ ದಾಖಲೆಯಲ್ಲಿ ಇರುತ್ತದೆ. ಬ್ಯಾಂಕಿನ ತಪಾಸಣೆಯವರಿಗೆ ಅದು ಗೊತ್ತಿಲ್ಲವೇ? ಕೆಲವು ಸಾವಿರಕ್ಕೆ ನೌಕರಿ ಕಳೆದುಕೊಳ್ಳುವ ಸಲಹೆ ಇಲ್ಲಿ ಬೇಡ.

ಶಹಾಪುರ ಸೋಮಾರಿ:
ತಮಾಷೆಗೆ ಹೇಳಿದೆ ಅಣ್ಣಾ.

ಸೇಡಂ ರಸ್ತೆ:
ವಿಮೆಯ ಮಾತು ಬಂತಲ್ಲ, ಅದರಲ್ಲೂ ಒಂದು ಆಟವಿದೆ. ಬಿಲ್ಲಿನಲ್ಲಿ ‘ಎಫ್‌ಒವಿ’ ಎಂದು, ಅಂದರೆ ಸಾಮಾನಿನ ಬೆಲೆಯ ಮೇಲಿನ ಶುಲ್ಕ ಎಂದು, ಒಂದು ಸಾಲು ಹಾಕಿ ಹಣ ತೆಗೆದುಕೊಳ್ಳುತ್ತಾರೆ, ಜನ ಅದನ್ನೇ ವಿಮೆ ಎಂದುಕೊಳ್ಳುತ್ತಾರೆ. ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಇರುವ ಕಾಗದ ನಿಮ್ಮ ಹೆಸರಿಗೆ ಬಂದರೆ ಮಾತ್ರ ಅದು ವಿಮೆ. ಬಿಲ್ಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಮಾಲೀಕರ ಜವಾಬ್ದಾರಿ’ ಎಂದಿದ್ದರೆ ಆ ಮಾಲೀಕರು ಎಂದರೆ ಲಾರಿಯವರಲ್ಲ, ನೀವು! ಲೋಡ್ ಆಗುವ ಮುನ್ನ ಟಿವಿ, ಫ್ರಿಜ್ ಚಾಲೂ ಇರುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. ಬಾಕಿ ಹಣವನ್ನು ಸಾಮಾನು ಇಳಿದ ಮೇಲೆಯೇ ಕೊಡಿ. ನಡುದಾರಿಯಲ್ಲಿ ಹೆಚ್ಚು ಕೇಳಿದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಅಪ್ಪನಕೆರೆ ದಂಡೆ:
ಮನೆಯಲ್ಲಿ ಮಾತುಕತೆ ಮುಗಿಯಿತು. ಕೂಲರ್ ಮತ್ತು ಕಪಾಟುಗಳನ್ನು ಮಾರುತ್ತೇವೆ. ಜೋಳದಲ್ಲಿ ಒಂದು ಚೀಲ ಮಾತ್ರ ಬರುತ್ತದೆ, ಉಳಿದದ್ದು ನಾದಿನಿಯ ಮನೆಗೆ. 41 ಸಾವಿರದವರು ಮನೆಗೆ ಬಂದು ನೋಡಿ, 14 ಅಡಿಯ ನೇರ ಗಾಡಿಗೆ 36 ಸಾವಿರ ಮತ್ತು ಜಿಎಸ್‌ಟಿ ಎಂದು ಬರೆದುಕೊಟ್ಟಿದ್ದಾರೆ. ಉಡುಪಿಯ ಮನೆಗೆ ಬಾಡಿಗೆ 14 ಸಾವಿರ, ಮುಂಗಡ 60 ಸಾವಿರ. ಇಲ್ಲಿನ ಮಾಲೀಕರು ನಮ್ಮ ಮುಂಗಡವನ್ನು ಮನೆ ಖಾಲಿ ಮಾಡಿ, ಸುಣ್ಣಬಣ್ಣದ ಲೆಕ್ಕ ಮುಗಿದ ಮೇಲೆ ಕೊಡುತ್ತಾರಂತೆ. ಒಟ್ಟು ಎಷ್ಟು ಇಟ್ಟುಕೊಳ್ಳಲಿ?

ಲೆಕ್ಕದ ಮೇಷ್ಟ್ರು, ಯಾದಗಿರಿ:
ಇಲ್ಲಿ ಎರಡು ಲೆಕ್ಕಗಳನ್ನು ಬೇರೆ ಬೇರೆ ಇಡಿ. ಕೊನೆಗೆ ಆಗುವ ಖರ್ಚು ಒಂದು, ಆ ವಾರ ಕೈಯಲ್ಲಿ ಇರಬೇಕಾದ ಹಣ ಇನ್ನೊಂದು. ಜನ ಸೋಲುವುದು ಎರಡನೆಯದರಲ್ಲಿ. ಬ್ಯಾಂಕ್ ಕೊಡುತ್ತದೆ ನಿಜ, ಆದರೆ ಬಿಲ್ ಮಂಜೂರಾದ ಮೇಲೆ. ಹಳೆಯ ಮುಂಗಡ ಬರುತ್ತದೆ ನಿಜ, ಆದರೆ ಹೊಸ ಮುಂಗಡ ಕೊಟ್ಟ ಮೇಲೆ.

ಗಾಡಿಗೆ ಜಿಎಸ್‌ಟಿ ಸೇರಿ 42,480. ಎರಡೂವರೆ ಲಕ್ಷಕ್ಕೆ ಶೇ 2ರ ವಿಮೆ 5,000. ಮುಂಗಡ 60,000, ಮೊದಲ ಬಾಡಿಗೆ 14,000. ಹೊಸ ಗ್ಯಾಸ್ ಸಂಪರ್ಕಕ್ಕೆ ಠೇವಣಿ 2,200, ರೆಗ್ಯುಲೇಟರ್ 250. ಐವರ ಪ್ರಯಾಣಕ್ಕೆ 6,000, ಉಡುಪಿಯ ಪಿಕಪ್‌ಗೆ 3,000 ಹಿಡಿಯೋಣ. 1,32,930 ಆಯಿತು. ಪರದೆ, ಬಲ್ಬು, ನಲ್ಲಿ ರಿಪೇರಿ, ಅಡುಗೆ ಶುರುವಾಗುವ ತನಕ ಹೋಟೆಲ್ ಊಟ ಎಂದು ಇನ್ನೊಂದು 10 ಸಾವಿರ. 1 ಲಕ್ಷ 43 ಸಾವಿರ ಕೈಯಲ್ಲಿರಲಿ. ವಾಪಸು ಬರುವುದನ್ನು ಕಳೆದರೆ ನಿಜವಾದ ಖರ್ಚು ಅದರ ಕಾಲುಭಾಗದ ಆಸುಪಾಸಿನಲ್ಲಿ ನಿಲ್ಲಬಹುದು. ಆದರೆ ಆ ವಾರ ಅದು ಉಪಯೋಗಕ್ಕೆ ಬರುವುದಿಲ್ಲ.

ಬೀದರ್ ಮಗಳು, ಉಡುಪಿ ಸೊಸೆ:
ಸಿಲಿಂಡರನ್ನು ಲಾರಿಗೆ ಹಾಕಲೇಬೇಡಿ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಅಲ್ಲಿನ ಏಜೆನ್ಸಿಗೆ ಒಪ್ಪಿಸಿ ಟರ್ಮಿನೇಷನ್ ವೋಚರ್ (ಸಂಪರ್ಕ ಮುಗಿಸಿದ ಚೀಟಿ) ಪಡೆಯಿರಿ. ಹಿಂದಿರುಗಿ ಬರುವುದು ನೀವು ಸಂಪರ್ಕ ಪಡೆದ ಕಾಲದ ಠೇವಣಿ, ಇಲ್ಲಿ ಕಟ್ಟುವುದು ಈಗಿನ ದರ. ಗೃಹಜ್ಯೋತಿಗೆ ಸೇವಾ ಸಿಂಧುವಿನಲ್ಲಿ ಕಲಬುರಗಿ ಮನೆಯ ಜೆಸ್ಕಾಂ ವಿದ್ಯುತ್ ಖಾತೆ ಸಂಖ್ಯೆಯನ್ನು ಡಿ-ಲಿಂಕ್ ಮಾಡಿ, ಆಮೇಲೆ ಇಲ್ಲಿನ ಮೆಸ್ಕಾಂ ಸಂಖ್ಯೆಗೆ ಜೋಡಿಸಿ. ಅದನ್ನು ಬಿಡಿಸದಿದ್ದರೆ ಇಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ.

ಸೇಡಂ ರಸ್ತೆ:
ಇನ್ನೊಂದು ಕಾಗದ ಯಾರೂ ಹೇಳಲಿಲ್ಲ. ಮಕ್ಕಳಿಗೆ ಸಂವಿಧಾನದ 371 ಜೆ ವಿಧಿಯ ಪ್ರಮಾಣಪತ್ರ ಮಾಡಿಸಿದ್ದೀರಾ? ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಅದೇ ಆಧಾರ, ಕೊಡುವುದು ಇಲ್ಲಿನ ಸಹಾಯಕ ಆಯುಕ್ತರು. ವಾಸದ ದಾಖಲೆ, ಶಾಲೆಯ ದಾಖಲೆ ಎಲ್ಲ ಇಲ್ಲಿಯೇ ಇರುವಾಗ ಮಾಡಿಸಿಬಿಡಿ. ಮಗಳು ಕಾಲೇಜಿಗೆ ಹೋಗುವ ವರ್ಷ ಉಡುಪಿಯಿಂದ ರಜೆ ಹಾಕಿ ಬಂದು ಕಚೇರಿ ಅಲೆಯುವುದಕ್ಕಿಂತ ಇದು ಸುಲಭ.

ಅಪ್ಪನಕೆರೆ ದಂಡೆ:
ಇದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ನಾಳೆಯೇ ಅರ್ಜಿ ಹಾಕುತ್ತೇವೆ. ಸ್ಕೂಟರಿನದು ಕೆಎ-32 ಸಂಖ್ಯೆ. ಉಡುಪಿಯಲ್ಲಿ ಕೆಎ-20 ಮಾಡಿಸಬೇಕೇ? ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿ ನಿಯಮದಡಿ ಆನ್‌ಲೈನಿನಲ್ಲಿ ಪಡೆಯುವ ಚೀಟಿ) ಬೇಕು, ಅದಕ್ಕೆ ಬೇರೆ ಹಣ ಎಂದು ಲಾರಿಯವರು ಹೇಳುತ್ತಿದ್ದಾರೆ.

ಗಂಜ್ ಲಾರಿ:
ಸಂಖ್ಯೆ ಬದಲಾಗುವುದಿಲ್ಲ. ರಾಜ್ಯದೊಳಗೇ ಹೋಗುವುದರಿಂದ ನಿರಾಕ್ಷೇಪಣಾ ಪತ್ರವೂ ಬೇಡ, ಮತ್ತೆ ರಸ್ತೆ ತೆರಿಗೆಯೂ ಇಲ್ಲ. 30 ದಿನಗಳೊಳಗೆ ಆರ್‌ಸಿಯಲ್ಲಿ ವಿಳಾಸ ಬದಲಿಸಿಕೊಂಡರೆ ಸಾಕು. ಬಳಸಿದ ಗೃಹೋಪಯೋಗಿ ಸಾಮಾನಿಗೆ ಇ-ವೇ ಬಿಲ್ಲಿನಿಂದ ವಿನಾಯಿತಿ ಇದೆ. ಆ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಡಿ, ಬಿಲ್ಟಿಯಲ್ಲಿ ‘ಬಳಸಿದ ಮನೆ ಸಾಮಾನು’ ಎಂದು ಬರೆಸಿ, ಪಟ್ಟಿಯ ಪ್ರತಿಯೊಂದನ್ನು ಚಾಲಕರ ಕೈಗೆ ಕೊಡಿ. ಸ್ಕೂಟರ್ ಏರಿಸುವ ಮುನ್ನ ಪೆಟ್ರೋಲ್ ಪೂರ್ತಿ ತೆಗೆಸಿ, ಇನ್ವರ್ಟರ್ ಬ್ಯಾಟರಿಯನ್ನು ನೇರವಾಗಿ ನಿಲ್ಲಿಸಿ ಹಗ್ಗ ಕಟ್ಟಿಸಿ. ಹಾಸಿಗೆಗಳ ಪಕ್ಕ ಮಾತ್ರ ಇಡಲು ಬಿಡಬೇಡಿ, ಆಮ್ಲ ಸೋರಿದರೆ ಹತ್ತಿ ಉಳಿಯುವುದಿಲ್ಲ.